ಲಾಡ್ಜಿನ ಒಲೆ, ಊರಿನ ತೋಪು

ಬಿಸಿನೀರು ಕೇಳುವ ದನಿಯಿಂದಲೇ ಗಿರಾಕಿ ಯಾವ ಕಡೆಯವರು ಎಂದು ಹೇಳಿಬಿಡುತ್ತಿದ್ದೆ. ಮದರಾಸಿನ ಗಾಡಿಯಿಂದ ಇಳಿದವರು ರೂಮಿನ ಬೀಗ ತೆಗೆಯುವ ಮೊದಲೇ "ಸುಡುತಣ್ಣಿ" ಎಂದು ಕೂಗುತ್ತಿದ್ದರು. ಕುಪ್ಪಂ ಕಡೆಯ ವ್ಯಾಪಾರಿಗಳು ಮೊದಲು ಕಾಫಿ ಕುಡಿದು, ಬೀಡಿ ಹಚ್ಚಿ, ಆಮೇಲೆ ನಿಧಾನವಾಗಿ "ವೇಡಿ ನೀಳ್ಳು ಉನ್ನಾಯಾ" ಎನ್ನುತ್ತಿದ್ದರು. ಬೆಂಗಳೂರಿನಿಂದ ಬರುತ್ತಿದ್ದ ಔಷಧಿ ಕಂಪನಿಯವರು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಬಂದು ನನ್ನ ಮೇಜಿನ ಮೇಲೆ ಬೆರಳಿನಿಂದ ತಟ್ಟುತ್ತಿದ್ದರು. ನಮ್ಮ ಹಳ್ಳಿಗಳ ಕಡೆಯವರು ಮಾತ್ರ ಕೇಳುತ್ತಲೇ ಇರಲಿಲ್ಲ. ತಣ್ಣೀರಲ್ಲೇ ಮಿಂದು, ರೂಮು ಬಿಟ್ಟು ಹೋಗುವಾಗ, "ಬಿಸ್ನೀರೂ ಕೊಡ್ತೀರಂತಲ್ಲ ಸೋಮಿ, ಮೊದ್ಲೇ ಏಳ್ಬಾರ್ದಾ" ಎಂದು ನಗುತ್ತಿದ್ದರು.

ಬಂಗಾರಪೇಟೆ ಸ್ಟೇಷನ್ನಿನ ಎದುರಿನ ರಸ್ತೆಯ ಲಾಡ್ಜು ಅದು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲಕ್ಕೆ ನಾನು ಅಲ್ಲಿ ಮ್ಯಾನೇಜರ್ ಆಗಿ ಸೇರಿದೆ. ಬಿ.ಕಾಂ. ಪಾಸು ಮಾಡಿದ್ದೆ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ರುಜು ಹಾಕಿದ ಮೊದಲನೆಯವನು ನಾನು, ಡಿಗ್ರಿ ಪಡೆದ ಮೊದಲನೆಯವನೂ ನಾನೇ. ಇದನ್ನು ಸಂಕೋಚಪಡದೆ ಹೇಳುತ್ತೇನೆ, ಯಾಕೆಂದರೆ ಸುಮ್ಮನೆ ಬಂದದ್ದಲ್ಲ. ಊರಿಂದ ಬಂಗಾರಪೇಟೆಗೆ ನಡೆದು, ಅಲ್ಲಿಂದ ಗಣಿ ಕೆಲಸದವರು ತುಂಬಿದ ರೈಲಿನಲ್ಲಿ ನಿಂತುಕೊಂಡೇ ಕೆಜಿಎಫ್‌ನ ಊರಿಗಾಂವರೆಗೆ ಹೋಗಿ ಓದಿದವನು. ಬ್ಯಾಲೆನ್ಸ್ ಶೀಟನ್ನು ಕಲಿತದ್ದು ಕ್ಲಾಸಿನಲ್ಲಿ ಅಲ್ಲ, ಆ ರೈಲಿನ ಬಾಗಿಲಲ್ಲಿ.

ಆ ಓದಿಗೆ ಫೀಸು ಕಟ್ಟಿದ್ದು ನಮ್ಮಪ್ಪನ ಸೌದೆ ಗಾಡಿ. ಬೇತಮಂಗಲದ ರಸ್ತೆಯಲ್ಲಿ ನಮ್ಮ ಊರು. ಅಪ್ಪನಿಗೆ ಸ್ವಲ್ಪ ಹೊಲ, ಒಂದು ಜೊತೆ ಎತ್ತು, ಒಂದು ಗಾಡಿ. ನಾನು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಕಾಲದಿಂದಲೂ ಆ ಲಾಡ್ಜಿನ ಹಿತ್ತಲಿಗೆ ಸೌದೆ ಹಾಕುತ್ತಿದ್ದವನು ಅವನೇ. ಯಜಮಾನರು ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದೂ "ಸೌದೆಯವನ ಮಗ ಡಿಗ್ರಿ ಮಾಡವ್ನಂತೆ" ಎಂಬ ಮಾತು ಕಿವಿಗೆ ಬಿದ್ದದ್ದರಿಂದ. ನನ್ನ ಜೊತೆ ಓದಿದವರೆಲ್ಲ ಕೆಜಿಎಫ್‌ನ ಕಾರ್ಖಾನೆಯಿಂದ ಕರೆ ಬರುತ್ತದೆಂದು ಕಾಯುತ್ತಿದ್ದರು. ನಾನು ಕಾಯಲಿಲ್ಲ. ಕುರ್ಚಿ, ಮೇಜು, ತಲೆಯ ಮೇಲೆ ಫ್ಯಾನು ಇತ್ತು. ನನಗೆ ಅಷ್ಟೇ ಸಾಕಾಗಿತ್ತು.

ಯಜಮಾನರಿಗೆ ಆಗ ಎರಡು ಲಾಡ್ಜು. ಬಂಗಾರಪೇಟೆಯದು ಒಂದು, ರಾಬರ್ಟ್‌ಸನ್‌ಪೇಟೆಯದು ಇನ್ನೊಂದು. ಆಮೇಲೆ ಕೋಲಾರದ ಬಸ್ ಸ್ಟ್ಯಾಂಡಿನ ಹತ್ತಿರ ಮೂರನೆಯದನ್ನು ಮಾಡಿದರು. ಮೂರಕ್ಕೂ ಒಂದೇ ಬಣ್ಣದ ಬೋರ್ಡು, ಒಂದೇ ಬಗೆಯ ಕಬ್ಬಿಣದ ಮಂಚ, ಒಂದೇ ಬಾಡಿಗೆ. ಬಡವರ, ಬೇಗ ಹೊರಡುವವರ ಲಾಡ್ಜುಗಳು. ಗಣಿಯಲ್ಲಿ ಕೆಲಸ ಮಾಡುವ ಅಣ್ಣನನ್ನೋ ಅಳಿಯನನ್ನೋ ನೋಡಲು ಬಂದವರು ಕ್ವಾರ್ಟರ್ಸಿನ ಒಂದೇ ಕೋಣೆಯಲ್ಲಿ ಜಾಗ ಸಾಲದೆ ನಮ್ಮಲ್ಲಿ ಇಳಿಯುತ್ತಿದ್ದರು. ಈಗಿನವರು ಇಂಥವನ್ನು ಚೈನ್ ಹೋಟೆಲ್ ಎನ್ನುತ್ತಾರೆ. ನಾವು "ಯಜಮಾನ್ರ ಲಾಡ್ಜುಗಳು" ಎನ್ನುತ್ತಿದ್ದೆವು.

ಮೂರಕ್ಕೂ ಹಿತ್ತಲಲ್ಲಿ ಒಂದೊಂದು ದೊಡ್ಡ ಒಲೆ, ಒಲೆಯ ಮೇಲೆ ತಾಮ್ರದ ಹಂಡೆ. ಬೆಳಗಾಗುವ ಮೊದಲು ಹೊತ್ತಿಸಿದ ಬೆಂಕಿ ಊಟದ ಹೊತ್ತು ದಾಟಿದರೂ ಆರುತ್ತಿರಲಿಲ್ಲ. ಯಾರು ಯಾವಾಗ ಕೂಗುತ್ತಾರೋ ಎಂದು ನೀರು ಸುಮ್ಮನೆ ಕುದಿಯುತ್ತಲೇ ಇರುತ್ತಿತ್ತು. ಬಂಗಾರಪೇಟೆಯ ಒಲೆ ನೋಡಿಕೊಳ್ಳುತ್ತಿದ್ದವರು ಚಾಂಪಿಯನ್ ರೀಫ್ಸ್‌ನ ಗಣಿಯಿಂದ ನಿವೃತ್ತರಾಗಿ ಬಂದ ಮುದುಕರು. ಮನೆಯಲ್ಲಿ ತಮಿಳು, ನಮ್ಮ ಹತ್ತಿರ ಅವರದೇ ಒಂದು ಕನ್ನಡ. ಹೊಗೆಗೆ ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ಬೆಂಕಿಯ ಮುಂದೆ ಕಷ್ಟವಲ್ಲವೇ ಎಂದರೆ, "ಗುಂಡಿ ಒಳಗೆ ಇಳ್ದು ನೋಡಿ ಸಾರ್. ಸೌದೆ ಬೇಡ, ಬೆಂಕಿ ಬೇಡ, ಬಂಡೆನೇ ನಮ್ಮನ್ನ ಬೇಯ್ಸುತ್ತೆ. ಅಲ್ಲಿ ಬೆಂದೋನ್ಗೆ ಈ ಅಂಡೆ ಎನ್ನ ಸಾರ್, ಆಟದ ಸಾಮಾನು" ಎನ್ನುತ್ತಿದ್ದರು.

ಅಪ್ಪ ಗಾಡಿ ತರುತ್ತಿದ್ದದ್ದು ಹಿಂದಿನ ಗೇಟಿನಿಂದ. ನಾನು ಮ್ಯಾನೇಜರ್ ಆದ ಮೇಲೆ ಅವನು ಮುಂದಿನ ಬಾಗಿಲಿಗೆ ಒಂದು ಸಲವೂ ಬರಲಿಲ್ಲ. ಸೌದೆ ಇಳಿಸಿ, ಒಲೆಯ ಮುದುಕರಿಗೆ, "ಮ್ಯಾನೇಜ್ರಿಗೆ ಏಳಪ್ಪಾ, ಸೌದೆ ಬಂದೈತೆ ಅಂತ" ಎಂದು ಹೇಳಿ ಕಳಿಸುತ್ತಿದ್ದ. ಮೊದಮೊದಲು ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ತಮಾಷೆಯಲ್ಲ. ಮುದುಕರು ಬಂದು "ಸಾರ್, ಉಂಗ ಅಪ್ಪಾ ವಂದಿರುಕ್ಕಾರ್" ಎಂದು ಅಪ್ಪ ಬಂದದ್ದನ್ನು ತಿಳಿಸಿ ಕಣ್ಣು ಮಿಟುಕಿಸಿದರೆ, ನಾನು ಎದ್ದು ಹೋಗಬೇಕು ಅಂದುಕೊಳ್ಳುವಷ್ಟರಲ್ಲಿ ಯಾರೋ ರೂಮು ಕೇಳಿಕೊಂಡು ಬರುತ್ತಿದ್ದರು. ಒಂದು ದಿನ ಎದ್ದು ಹೋದೆ. ಅಪ್ಪ ಗಾಡಿಯ ಮೇಲಿಂದಲೇ ನನ್ನ ಬಿಳಿ ಅಂಗಿಯನ್ನು ನೋಡಿ, ಮುಖ ತಿರುಗಿಸಿಕೊಂಡು ಸೌದೆ ಎಸೆಯತೊಡಗಿದ. ಸಂಜೆ ಮನೆಯಲ್ಲಿ ಅಮ್ಮ ಅನ್ನ ಬಡಿಸುತ್ತ ಅಂದಳು: "ಸೌದೆ ಇಳ್ಸೋವಾಗ ನೀನು ಇತ್ಲಿಗೆ ಬರ್ಬ್ಯಾಡ್ವಂತೆ ಮಗಾ. ಬಟ್ಟೆ ಗಲೀಜಾಯ್ತದಂತೆ."

ನಮ್ಮ ಮನೆಯ ಪದ್ಧತಿಯೇ ಅದು. ಬರೀ ನಮ್ಮ ಮನೆಯದಲ್ಲ, ನಮ್ಮ ಕಡೆಯ ಬಹಳ ಮನೆಗಳದ್ದು. ಮಗನಿಗೆ ಮೀಸೆ ಬಂದ ಮೇಲೆ ಅಪ್ಪ, ಮಗ ಮುಖಾಮುಖಿ ಮಾತಾಡುವುದಿಲ್ಲ. ಎತ್ತಿಗೆ ಹುಲ್ಲು ಹಾಕು, ಬಾಗಿಲು ಹಾಕ್ಕೋ, ಇಷ್ಟು ಆಡಬಹುದು. ಅದಕ್ಕಿಂತ ದೊಡ್ಡ ಮಾತೇನಿದ್ದರೂ ಅಮ್ಮನ ಬಾಯಿಂದ ಹೋಗಬೇಕು, ಅಮ್ಮನ ಬಾಯಿಂದಲೇ ಬರಬೇಕು. ಅಪ್ಪ ಜಗಲಿಯಲ್ಲಿ, ನಾನು ಒಳಗೆ, ನಡುವೆ ಅಮ್ಮ. "ಏನಂತೆ ಅವ್ನು?" "ಅಂಗಂತೆ ಅವ್ನು." ಅದು ಜಗಳವಲ್ಲ, ಮರ್ಯಾದೆ. ನನ್ನ ಡಿಗ್ರಿ ಮುಗಿದ ದಿನವೂ ಅಪ್ಪ ನನಗೆ ಏನೂ ಹೇಳಲಿಲ್ಲ. ಅಮ್ಮನಿಗೆ ಹೇಳಿದನಂತೆ. ಏನು ಹೇಳಿದ ಎಂದು ನಾನೂ ಕೇಳಲಿಲ್ಲ.

ಇನ್ನು ತೋಪಿನ ವಿಷಯ. ನಮ್ಮ ಊರಿನ ಬಸ್ ಸ್ಟಾಪಿನ ಪಕ್ಕದಲ್ಲೇ ಗುಂಡುತೋಪು ಇತ್ತು. ಯಾವ ಕಾಲದಲ್ಲಿ ಯಾರು ನೆಟ್ಟರೋ, ಹುಣಸೆ, ಹೊಂಗೆ, ನೇರಳೆ, ನಾಲ್ಕಾರು ಮಾವು. ಊರಿಗೆಲ್ಲ ಸೇರಿದ್ದು. ದನ ಕಟ್ಟುವವರು, ಬಸ್ಸು ಕಾಯುವವರು, ಮದುವೆಯ ದಿಬ್ಬಣ ಇಳಿಸುವವರು ಎಲ್ಲರೂ ಅಲ್ಲೇ. ಬಸ್ಸಿನ ಕಂಡಕ್ಟರಿಗೆ ನಮ್ಮ ಊರಿನ ಹೆಸರೇ ಗೊತ್ತಿರಲಿಲ್ಲ. "ತೋಪು, ತೋಪು, ಯಾರ್ರೀ ಇಳಿಯೋರು" ಎಂದೇ ಕೂಗುತ್ತಿದ್ದ. ಒಣಗಿದ ಕೊಂಬೆ, ಗಾಳಿಗೆ ಬಿದ್ದ ಮರ ಅಪ್ಪ ತೆಗೆದುಕೊಳ್ಳಬಹುದು ಎಂದು ಊರಿನವರು ಒಪ್ಪಿದ್ದರು. ಉಳಿದ ಸೌದೆಯನ್ನು ಅಪ್ಪ ಹೊಲದ ಬದುಗಳಿಂದ, ಕೆರೆ ಅಂಗಳದ ಜಾಲಿಯಿಂದ ಹೊಂದಿಸುತ್ತಿದ್ದ. ಹಸಿ ಮರಕ್ಕೆ ಕೊಡಲಿ ಹಾಕಿದವನಲ್ಲ.

ಆದರೆ ಲಾಡ್ಜು ಒಂದಿದ್ದದ್ದು ಎರಡಾಯಿತು, ಎರಡು ಮೂರಾಯಿತು. ಮೂರು ಒಲೆಗೂ ಸೌದೆ ಹಾಕುವ ಮಾತು ಅಪ್ಪನದೇ ಆಯಿತು. ಯಜಮಾನರು ನಂಬಿ ಕೊಟ್ಟ ಕೆಲಸ, ಇಲ್ಲ ಅನ್ನುವುದು ಅವನಿಂದ ಆಗಲಿಲ್ಲ. ಒಣಗಿದ್ದು ಸಾಲದಾದಾಗ ಅರೆ ಒಣಗಿದ್ದಕ್ಕೆ ಕೈ ಹೋಯಿತು. ಪಂಚಾಯಿತಿಯವರು ಒಂದು ಮರ ಹರಾಜು ಹಾಕಿದರು, ಆಮೇಲೆ ಇನ್ನೊಂದು.

ಒಂದು ಬೆಳಿಗ್ಗೆ ಒಲೆ ಹೊಗೆಯುತ್ತಿದೆ ಎಂದು ಹಿತ್ತಲಿಗೆ ಹೋಗಿದ್ದೆ. ರಾಶಿಯ ಮೇಲೆ ಒಂದು ದಪ್ಪ ಹುಣಸೆ ತುಂಡು. ಅದರ ನಡುವೆ ಬಳೆ ಹಾಕಿದ ಹಾಗೆ ಎರಡು ಕಡೆ ನುಣ್ಣಗೆ ಸವೆದ ಗೆರೆ. ಗುರುತು ಹಿಡಿಯಲು ಹೊತ್ತಾಗಲಿಲ್ಲ. ಹಬ್ಬದಲ್ಲಿ ನಮ್ಮೂರ ಹುಡುಗಿಯರು ಉಯ್ಯಾಲೆ ಕಟ್ಟುತ್ತಿದ್ದ ಕೊಂಬೆ ಅದು. ಹಗ್ಗ ಉಜ್ಜಿ ಉಜ್ಜಿ ಆದ ಗೆರೆ. ನನ್ನ ಅಕ್ಕ ಮದುವೆಯಾಗಿ ಹೋಗುವ ವರ್ಷವೂ ಅದರಲ್ಲಿ ತೂಗಿದ್ದಳು. ಒಲೆಯ ಮುದುಕರು ಅದನ್ನು ಎತ್ತಿಕೊಂಡು, "ಇದು ಒಳ್ಳೆ ಉರೀತದೆ ಸಾರ್" ಎಂದು ಒಳಗೆ ನೂಕಿದರು. ನಾನು ತಡೆಯಲಿಲ್ಲ. ತಡೆದು ಏನು ಮಾಡುವುದು, ಕೊಂಬೆ ಮತ್ತೆ ಮರಕ್ಕೆ ಅಂಟುವುದಿಲ್ಲವಲ್ಲ.

ಅವತ್ತಿನಿಂದ ನನಗೆ ಒಲೆಯದೇ ಯೋಚನೆ. ಒಂದಷ್ಟು ದಿನ ಬೆಳಿಗ್ಗೆ ಬೆಳಿಗ್ಗೆ ಹಿತ್ತಲಲ್ಲಿ ಮಣೆ ಹಾಕಿಕೊಂಡು ಕೂತೆ. ಯಜಮಾನರು ನೋಡಿ, "ಏನಯ್ಯಾ, ಬಿ.ಕಾಂ. ಓದ್ಕೊಂಡು ಒಲೆ ಮುಂದೆ ಕೂತಿದೀಯ? ನಿಮ್ಮಪ್ಪ ನೋಡಿದ್ರೆ ಕಾಲೇಜಿಗೋಗಿ ಫೀಸು ವಾಪಸ್ ಕೇಳ್ತಾನೆ" ಎಂದರು. ಕೂತು ನೋಡಿದ್ದರಿಂದ ಒಂದು ವಿಷಯ ಗೊತ್ತಾಯಿತು. ನಾವು ಸುಡುತ್ತಿದ್ದ ಸೌದೆಯಲ್ಲಿ ಬಹುಪಾಲು ಯಾರ ಮೈಯನ್ನೂ ಬೆಚ್ಚಗೆ ಮಾಡುತ್ತಿರಲಿಲ್ಲ. ಹಂಡೆಗೆ ಮುಚ್ಚಳವಿಲ್ಲ, ಹಬೆ ಆಕಾಶಕ್ಕೆ. ಬೆಳಗಿನ ಗದ್ದಲ ಮುಗಿದ ಮೇಲೂ ಯಾರೋ ಒಬ್ಬರು ಕೇಳಬಹುದು ಎಂದು ಬೆಂಕಿ. ಗಿರಾಕಿಗೆ ಎರಡೆರಡು ಬಕೆಟ್ಟು ಕೊಡುವುದು, ಅರ್ಧ ಚೆಲ್ಲುವುದು.

ಮೊದಲು ಮುಚ್ಚಳ ಮಾಡಿಸಿದೆ. ಒಲೆಯ ಬಾಯಿಯನ್ನು ಇಟ್ಟಿಗೆ, ಮಣ್ಣಿಂದ ಕಿರಿದು ಮಾಡಿಸಿದೆ. ಬಿಸಿನೀರು ಬೆಳಿಗ್ಗೆ ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ ಎಂದು ಕನ್ನಡ, ತಮಿಳು, ತೆಲುಗಿನಲ್ಲಿ ಬೋರ್ಡು ಬರೆಸಿದೆ. ಒಬ್ಬರಿಗೆ ಒಂದು ಬಕೆಟ್ಟು. ಒಬ್ಬ ಸೀರೆ ವ್ಯಾಪಾರಿ ಅದನ್ನು ನೋಡಿ ಸಿಡುಕಿದರು.

"ಒಂದೇ ಬಕೀಟಾ? ನಾನೇನು ಕಾಗೆನಾ ಮೀಯೋಕೆ?"

"ಇನ್ನೊಂದು ಬೇಕಾದ್ರೆ ಕೊಡ್ತೀವಿ ಸಾರ್, ಮೊದ್ಲು ಇದು ಮುಗ್ಸಿ."

ಮುಗಿಸಿ ಬಂದವರು ಇನ್ನೊಂದು ಕೇಳಲಿಲ್ಲ. ಬಹಳ ಜನ ಕೇಳಲಿಲ್ಲ.

ಸಂಜೆ ಬಂದವರಿಗೆ ಏನು ಮಾಡುವುದು ಎಂಬ ಪ್ರಶ್ನೆ ಉಳಿಯಿತು. ಅದಕ್ಕೆ ದಾರಿ ಹೊಳೆದದ್ದು ಕಾಲೇಜಿನ ದಿನಗಳ ನೆನಪಿನಿಂದ. ಚಾಂಪಿಯನ್ ರೀಫ್ಸ್‌ನಲ್ಲಿ ನನ್ನ ಸಹಪಾಠಿಯೊಬ್ಬನ ಮನೆಗೆ ಹೋಗುತ್ತಿದ್ದೆ. ಅಲ್ಲಿನ ಬೀದಿ ನಲ್ಲಿಯ ಕೊಳವೆ ನೆಲದ ಮೇಲೆಯೇ ಹಾದುಬರುತ್ತಿತ್ತು, ಟಾರು ಬಳಿದ ಕಬ್ಬಿಣ. ಮಧ್ಯಾಹ್ನ ನೀರು ಬಿಟ್ಟಾಗ ಮೊದಲ ಕೊಡ ಹಿಡಿದವರು "ಅಯ್ಯೋ" ಎಂದು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಆ ನೀರನ್ನು ಯಾವ ಒಲೆಯೂ ಕಾಯಿಸಿರಲಿಲ್ಲ. ನಾನು ಯಜಮಾನರಿಗೆ ಹೇಳಿ ಹಳೆಯ ಡ್ರಮ್ಮುಗಳನ್ನು ತರಿಸಿ, ಕಪ್ಪು ಬಣ್ಣ ಬಳಿಸಿ, ತಾರಸಿಯ ಮೇಲೆ ಇಡಿಸಿದೆ. ಬೆಳಿಗ್ಗೆ ತುಂಬಿಸಿದರೆ ಸಂಜೆಯ ರೈಲಿನವರಿಗೆ ಉಗುರುಬೆಚ್ಚಗಿನ ನೀರು. ಮೋಡದ ದಿನ ಇಲ್ಲ. ಆದರೆ ನಮ್ಮ ಕಡೆ ಮೋಡದ ದಿನ ಎಷ್ಟು ಮಹಾ.

ಒಲೆಯ ಮುದುಕರು ತಾರಸಿ ಹತ್ತಿ ಡ್ರಮ್ಮಿನಲ್ಲಿ ಕೈ ಅದ್ದಿ ನೋಡಿ, "ಸೂರ್ಯಂಗೆ ಪಿಂಚಣಿ ಯಾರ್ ಕೊಡ್ತಾರೆ ಸಾರ್?" ಎಂದರು.

ಇದರ ಜೊತೆಗೆ ಇನ್ನೂ ಒಂದಷ್ಟು ಮಾಡಿದೆ. ಸ್ನಾನದ ನೀರನ್ನು ಬಾಳೆಗಿಡಗಳಿಗೆ ತಿರುಗಿಸಿದೆ. ಎರಡು ದಿನ ಉಳಿದವರಿಗೆ ಅದೇ ಹೊದಿಕೆ, ಅದೇ ಟವೆಲ್ಲು. ಹೊರಗಿನ ಹಗ್ಗಕ್ಕೆ ಹಾಕಿದರೆ ಒಣಗುತ್ತದೆ, ಕಿಟಕಿಯ ಕೆಳಗೆ ಎಸೆದರೆ ಮಾತ್ರ ಅಗಸರಿಗೆ. ಈಗಿನ ಹೋಟೆಲುಗಳಲ್ಲಿ ಇದೇ ಮಾತನ್ನು ಅಂದವಾದ ಕಾರ್ಡಿನ ಮೇಲೆ ಅಚ್ಚು ಹಾಕಿಸಿ ಭೂಮಿ ಉಳಿಸಿ ಎಂದು ಇಡುತ್ತಾರೆ. ಓದಿ ನಗು ಬರುತ್ತದೆ. ನಾನು ಭೂಮಿ ಉಳಿಸಲು ಹೊರಟವನಲ್ಲ. ನನಗೆ ಬೇಕಿದ್ದದ್ದು ಒಂದು ತೋಪು.

ಸೌದೆಯ ರಾಶಿ ಕರಗುವುದು ನಿಧಾನವಾಯಿತು. ಬಂಗಾರಪೇಟೆಯಲ್ಲಿ ಆದದ್ದನ್ನು ಯಜಮಾನರು ಉಳಿದ ಎರಡು ಕಡೆಯೂ ಮಾಡಿಸಿದರು. ದಿನಾ ಬರುತ್ತಿದ್ದ ಗಾಡಿ ಇನ್ನು ವಾರಕ್ಕೆ ಎರಡು ಸಲ ಬಂದರೆ ಸಾಕು ಎಂದು ನಾನೇ ಲೆಕ್ಕ ಹಾಕಿ ಯಜಮಾನರಿಗೆ ಹೇಳಿದೆ. ಅವರು ಒಲೆಯ ಮುದುಕರಿಗೆ ಹೇಳಿದರು. ಅಪ್ಪ ಸೌದೆ ಇಳಿಸಿ ಮುಗಿಸಿದ ಹೊತ್ತಿಗೆ ಮುದುಕರು ಹೇಳಿದರಂತೆ: "ಇನ್ಮೇಲೆ ವಾರಕ್ಕೆ ಎರಡು ಸಾಕಂತೆ. ಮ್ಯಾನೇಜರ್ ಸಾರ್ ಹೇಳಿದಾರೆ."

ಅಪ್ಪ ಎತ್ತಿನ ಮೂಗುದಾರ ಸರಿ ಮಾಡಿ, ಗಾಡಿ ತಿರುಗಿಸಿಕೊಂಡು ಹೋದನಂತೆ.

ಯಾಕೆ ಕಮ್ಮಿ ಮಾಡಿದೆ ಎಂದು ನಾನು ಮನೆಯಲ್ಲಿ ಹೇಳಬೇಕಿತ್ತು. ಅಮ್ಮನ ಮೂಲಕವಾದರೂ. ಆದರೆ ಹೇಳಬೇಕು ಎಂದೇ ನನಗೆ ಆಗ ಅನ್ನಿಸಲಿಲ್ಲ. ಅಪ್ಪನಿಗೂ ತೋಪು ಕಡಿಯುವುದು ಸಂಕಟವೇ, ಭಾರ ಇಳಿಯಿತು ಎಂದು ಸಂತೋಷಪಡುತ್ತಾನೆ ಅಂದುಕೊಂಡಿದ್ದೆ. ಗೊತ್ತಿರುವುದನ್ನು ಮತ್ತೆ ಯಾರು ಹೇಳುತ್ತಾರೆ. ಅವತ್ತು ಸಂಜೆ ಅಮ್ಮನೇ ಎತ್ತಿದಳು.

"ನಾಳೆಯಿಂದ ನಿಮ್ಮಪ್ಪ ಲಾಡ್ಜಿಗೆ ಓಗಲ್ವಂತೆ."

"ವಾರಕ್ಕೆ ಎರಡು ದಿನ ಇದೆಯಲ್ಲ?"

"ಅದೂ ಬ್ಯಾಡ್ವಂತೆ. ಅವ್ನ ಜಾಗ ಅವ್ನಿಗಿರ್ಲಿ ಅಂದ್ರು."

ಅವ್ನ ಜಾಗ ಅವ್ನಿಗಿರ್ಲಿ. ಆ ಮಾತನ್ನು ನಾನು ಹೇಗೆ ಬೇಕೋ ಹಾಗೆ ಕೇಳಿಸಿಕೊಂಡೆ. ಅಪ್ಪನಿಗೆ ವಯಸ್ಸಾಗುತ್ತಿದೆ, ಕೆಲಸ ಸಾಕು ಅನ್ನಿಸಿದೆ, ಮಗನಿಗೆ ಬಿಟ್ಟಿದ್ದಾನೆ, ಇಷ್ಟೇ. ಅಮ್ಮ ಇನ್ನೂ ಏನೋ ಹೇಳುವವಳಂತೆ ಸೌಟು ಹಿಡಿದು ನಿಂತಿದ್ದಳು. ನಾನು ಮಜ್ಜಿಗೆ ಕೇಳಿದೆ.

ಲಾಡ್ಜಿಗೆ ಬೇಕಾದ ಅಷ್ಟಿಷ್ಟು ಸೌದೆಯನ್ನು ಮರ ಕೊಯ್ಯುವ ಮಿಲ್ಲಿನ ಚೂರುಗಳಲ್ಲೇ ತೂಗಿಸಿದೆವು. ಆ ಬೇಸಿಗೆ ನಾನು ಗೆದ್ದೆ ಅಂದುಕೊಂಡಿದ್ದೆ. ರಾಬರ್ಟ್‌ಸನ್‌ಪೇಟೆಯ ಲಾಡ್ಜಿನಲ್ಲಿ ಯಜಮಾನರು ನಾಲ್ಕು ಜನ ವರ್ತಕರ ಮುಂದೆ ನನ್ನ ಬೆನ್ನು ತಟ್ಟಿ, "ನಮ್ ಹುಡುಗ ಬಿಸಿಲಲ್ಲಿ ನೀರು ಕಾಯಿಸ್ತಾನೆ ನೋಡಿ" ಅಂದಿದ್ದರು. ಸುಳ್ಳೇಕೆ, ಎದೆ ಉಬ್ಬಿತ್ತು.

ಊರಿಗೆ ದಿನಾ ಹೋಗುವುದು ನಾನು ಅಷ್ಟರಲ್ಲಿ ಬಿಟ್ಟಿದ್ದೆ. ಮದುವೆಯಾಗಿ ಬಂಗಾರಪೇಟೆಯಲ್ಲೇ ಮನೆ ಮಾಡಿದ್ದೆ. ಒಂದು ಹಬ್ಬಕ್ಕೆ ಬೇತಮಂಗಲದ ಬಸ್ಸು ಹಿಡಿದೆ. ಊರಿಗಿಂತ ಸ್ವಲ್ಪ ಈಚೆ, ರಸ್ತೆಯ ಪಕ್ಕದಲ್ಲಿ ಇಟ್ಟಿಗೆ ಗೂಡುಗಳು ಎದ್ದಿದ್ದವು. ಗೂಡಿನ ಮುಂದೆ ಒಂದು ಗಾಡಿ ಸೌದೆ ಇಳಿಸುತ್ತಿತ್ತು. ಎತ್ತಿನ ಕೊಂಬಿನ ಬಣ್ಣ ನೋಡಿಯೇ ನಮ್ಮದೆಂದು ಗೊತ್ತಾಯಿತು. ಗಾಡಿಯ ಮೇಲೆ ನಿಂತಿದ್ದವನು ಅಪ್ಪ.

ದುಡಿಯುವ ಗಾಡಿ ಸುಮ್ಮನೆ ನಿಲ್ಲುವುದಿಲ್ಲ. ಇದು ನನಗೆ ಹೊಳೆಯಲೇ ಇಲ್ಲ. ಲಾಡ್ಜಿಗೆ ಬೇಡವಾದ ಸೌದೆ ಮರದಲ್ಲೇ ಉಳಿಯುತ್ತದೆ ಎಂದು ನಾನು ತಿಳಿದುಕೊಂಡಿದ್ದೆ. ಅದು ಇನ್ನೊಂದು ಒಲೆಗೆ ಹೋಗಿತ್ತು. ಇಟ್ಟಿಗೆ ಗೂಡು ಎಂದರೆ ನಮ್ಮ ಹಂಡೆಯ ಒಲೆಯಲ್ಲ. ಅದಕ್ಕೆ ಹೊಟ್ಟೆ ತುಂಬುವುದು ಎಂಬುದೇ ಇಲ್ಲ, ಹಸಿಯೋ ಒಣಗಿದ್ದೋ ಎಂದು ನೋಡುವುದೂ ಇಲ್ಲ. ಅಪ್ಪನ ಗಾಡಿ ಬಂದ ದಾರಿಯನ್ನು ಗೂಡಿನವರು ನೋಡಿಕೊಂಡರು. ಗಾಡಿಯ ಹಿಂದೆ ಲಾರಿ ಬಂತು. ಲಾರಿಯವರು ಪಂಚಾಯಿತಿಯವರ ಜೊತೆ ಮಾತಾಡಿದರು. ಶಾಲೆಗೆ ಗೋಡೆ ಕಟ್ಟಬೇಕು, ತೋಪು ಮುದಿಯಾಗಿದೆ, ಹೊಸದು ನೆಡೋಣ, ಹೀಗೆಲ್ಲ ಮಾತಾದವು. ಗೋಡೆ ಎದ್ದಿತು. ಹೊಸದು ನೆಡಲಿಲ್ಲ. ಕೆಲವು ಬೇಸಿಗೆಗಳಲ್ಲಿ ತೋಪು ಮುಗಿಯಿತು.

ಅದು ಅರ್ಧ ಹೋಗಿದ್ದಾಗ ಅಮ್ಮನನ್ನು ಕೇಳಿದ್ದೆ. "ಅಪ್ಪ ಯಾಕಮ್ಮ ಹಿಂಗೆ ಮಾಡ್ತಿದಾನೆ? ತೋಪನ್ನ ಗೂಡಿಗೆ ಹಾಕ್ತಿದಾನಲ್ಲ."

ಅಮ್ಮ ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸಿದಳು. "ನಿಮ್ಮಿಬ್ರ ಮಾತು ಒತ್ತು ಒತ್ತು ನನ್ ತಲೆ ಸವ್ದೋಯ್ತು. ಜಗ್ಲಿ ಮ್ಯಾಗೇ ಕುಂತವ್ರೆ. ಓಗಿ ನೀನೇ ಕೇಳು."

ಜಗಲಿಗೂ ನನಗೂ ನಡುವೆ ಒಂದು ಹೊಸಿಲು. ನಾನು ದಾಟಲಿಲ್ಲ. ಕೇಳಿದರೆ ಜಗಳವಾಗುತ್ತದೆ ಎಂದಲ್ಲ. ಅಭ್ಯಾಸವಿರಲಿಲ್ಲ. ಕಂಪನಿ ಕಾನೂನನ್ನು ಇಂಗ್ಲಿಷಿನಲ್ಲಿ ಬರೆದು ಪಾಸು ಮಾಡಿದವನಿಗೆ, "ಅಪ್ಪ, ಯಾಕೆ?" ಎಂಬ ಎರಡು ಪದ ಹುಟ್ಟಲಿಲ್ಲ.

ವರ್ಷಗಳು ಹೋದವು. ಅಮ್ಮ ತೀರಿಕೊಂಡಳು. ಅವಳ ಜೊತೆಗೆ ನಮ್ಮಿಬ್ಬರ ನಡುವಿನ ದಾರಿಯೂ ಹೋಯಿತು. ಆಮೇಲೆ ಅಪ್ಪನ ಸುದ್ದಿ ನನಗೆ ಅಕ್ಕನಿಂದ ಬರುತ್ತಿತ್ತು. ಎತ್ತು ಮಾರಿದನಂತೆ, ಗಾಡಿ ಮಳೆಯಲ್ಲಿ ನೆನೆಯುತ್ತಿದೆಯಂತೆ. ಈ ಕಡೆ ಗಣಿಯಲ್ಲೂ ಕೆಲಸದವರು ಕಮ್ಮಿಯಾಗುತ್ತ ಬಂದರು. ಅಣ್ಣನನ್ನು ನೋಡಲು ಬರುವ ತಮ್ಮಂದಿರು ಇಲ್ಲವಾಗಿ ರಾಬರ್ಟ್‌ಸನ್‌ಪೇಟೆಯ ಲಾಡ್ಜಿನ ಮಹಡಿಗೆ ಬೀಗ ಬಿತ್ತು. ಕೋಲಾರದ್ದು ಮಾತ್ರ ಚೆನ್ನಾಗಿ ನಡೆಯುತ್ತಿತ್ತು. ತೊಂಬತ್ತರ ದಶಕದ ಮೊದಲಲ್ಲಿ ಯಜಮಾನರು ಅದರ ತಾರಸಿಯ ಮೇಲೆ ಗಾಜಿನ ಹಲಗೆಗಳ ಸೋಲಾರ್ ಹಾಕಿಸಿದರು. ನಾನೇ ಹಟ ಹಿಡಿದು ಹಾಕಿಸಿದ್ದು. ನನ್ನ ಕಪ್ಪು ಡ್ರಮ್ಮುಗಳು ಗುಜರಿಗೆ ಹೋದವು. ಒಲೆ ಒಡೆಸಿದೆವು.

ಆಗಲೇ ಅಪ್ಪನ ಕಣ್ಣಿಗೆ ಪೊರೆ ಬಂದದ್ದು. ಕೋಲಾರದಲ್ಲಿ ಆಪರೇಷನ್. ಆಮೇಲೆ ಒಂದಷ್ಟು ದಿನ ತಲೆಗೆ ನೀರು ಹಾಕುವಂತಿಲ್ಲ, ಹಿಂದಿನ ದಿನವೇ ಚೆನ್ನಾಗಿ ಮೀಯಿಸಿ ಕರೆದುಕೊಂಡು ಬನ್ನಿ ಎಂದಿದ್ದರು. ಅಪ್ಪನನ್ನು ಕೋಲಾರದ ಲಾಡ್ಜಿಗೆ ಕರೆತಂದೆ. ಬಸ್ಸಿಳಿದು ಅವನ ಕೈ ಹಿಡಿದುಕೊಂಡು ಹೋಗುವಾಗ, ಮಂಜು ಮಂಜಾಗಿ ಕಟ್ಟಡ ಕಂಡಿತೇನೋ, ಪಕ್ಕದ ಓಣಿಗೆ ತಿರುಗಿದ.

"ಅಪ್ಪ, ಈ ಕಡೆ. ಬಾಗ್ಲು ಈ ಕಡೆ ಇದೆ."

"ಇಂದ್ಲಿಂದ ಓಗಾನ."

"ಇಲ್ಲ, ಮುಂದ್ಲಿಂದ ಬಾ."

ಅಷ್ಟು ವರ್ಷ ನೀರು ಕಾಯಿಸಲು ಸೌದೆ ಹಾಕಿದವನು ನಮ್ಮ ಲಾಡ್ಜಿನ ನೀರಲ್ಲಿ ಒಂದು ದಿನವೂ ಮಿಂದಿರಲಿಲ್ಲ. ಇದು ನನಗೆ ಹೊಳೆದದ್ದು ಅವತ್ತು, ಬಚ್ಚಲಲ್ಲಿ ಅವನ ಬೆನ್ನಿಗೆ ನೀರು ಹಾಕುವಾಗ. ಹೆಗಲ ಮೇಲೆ ಸೌದೆ ಹೊತ್ತ ಕಡೆ ಚರ್ಮ ಒರಟಾಗಿತ್ತು. ನಲ್ಲಿಯಿಂದ ಬರುತ್ತಿದ್ದ ಬಿಸಿನೀರನ್ನು ಅವನು ಅಂಗೈಯಲ್ಲಿ ಹಿಡಿದು ಹಿಡಿದು ನೋಡುತ್ತಿದ್ದ. ಮೂಗು ಮೇಲೆ ಮಾಡಿ ಮೂಸಿದ.

"ಒಗೆ ವಾಸ್ನೆನೇ ಇಲ್ವಲ್ಲ. ಒಲೆ ಎಲ್ಲಿಕ್ಕವ್ರೆ?"

"ಒಲೆ ಇಲ್ಲಪ್ಪ. ಬಿಸಿಲಲ್ಲಿ ಕಾಯ್ತದೆ."

"ಸುಮ್ನಿರ್ಲಾ. ಕಣ್ ಕಾಣಲ್ಲ ಅಂತ ಆಟ ಆಡ್ಸಬ್ಯಾಡ."

ಮೈ ಒರೆಸಿ ತಾರಸಿಗೆ ಕರೆದುಕೊಂಡು ಹೋದೆ. ಬಿಸಿಲು ಇನ್ನೂ ಇತ್ತು. ಅವನ ಅಂಗೈಯನ್ನು ಗಾಜಿನ ಮೇಲೆ ಇಟ್ಟೆ. ತಟ್ಟನೆ ಹಿಂದಕ್ಕೆ ಎಳೆದುಕೊಂಡು, ಮತ್ತೆ ತಾನಾಗಿಯೇ ಇಟ್ಟ. ಹಲಗೆಯ ಅಂಚಿನವರೆಗೂ ಸವರಿದ. ಸವರುತ್ತಲೇ ಕೇಳಿದ:

"ಇದು ಬಂತೂ ಅಂತಾನಾ ನನ್ ಗಾಡಿ ಬ್ಯಾಡ ಅಂದಿದ್ದು?"

"ಇಲ್ಲ. ಆವಾಗ ಇದೆಲ್ಲಿತ್ತು."

"ಮತ್ಯಾಕೆ?"

ಅಪ್ಪ ನನ್ನನ್ನು ನೇರವಾಗಿ ಯಾಕೆ ಎಂದು ಕೇಳಿದ್ದು ಅದೇ ಮೊದಲು. ನಡುವೆ ಅಮ್ಮ ಇರಲಿಲ್ಲ. ಅವನ ಕಣ್ಣಿಗೆ ನನ್ನ ಮುಖ ಕಾಣಿಸುತ್ತಿರಲಿಲ್ಲ ಎಂಬುದೂ ಇಬ್ಬರಿಗೂ ಅನುಕೂಲವಾಯಿತೇನೋ.

"ತೋಪು ಓಗ್ತಿತ್ತಲ್ಲಪ್ಪ. ಉಯ್ಯಾಲೆ ಕೊಂಬೆ ಸೌದೇಲಿ ಬಂದಿತ್ತು. ಅದನ್ನ ನೋಡಕ್ಕಾಗ್ಲಿಲ್ಲ. ಸೌದೆ ಕಮ್ಮಿ ಮಾಡಿದ್ರೆ ತೋಪು ಉಳೀತದೆ ಅಂತ ಮಾಡಿದೆ."

"ಅದಕ್ಕಾ?"

"ಅದಕ್ಕೇ."

ಕೆಳಗೆ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳು ಊರುಗಳ ಹೆಸರು ಕೂಗುತ್ತಿದ್ದರು.

"ನಾನು ಬ್ಯಾರೆ ಅನ್ಕಂಡಿದ್ದೆ ಕಣ್ಲಾ" ಎಂದ. "ಮ್ಯಾನೇಜ್ರಾದ, ಅಪ್ಪ ಸೌದೆ ಒರೋದು ನಾಲ್ಕ್ ಜನ ಕಂಡ್ರೆ ನಾಚ್ಕೆ. ಬಾಯ್ಬಿಟ್ಟು ಏಳಕ್ಕಾಗ್ದೆ ಆ ಮುದ್ಕನ್ ಕೈಲಿ ಏಳಿ ಕಳ್ಸವ್ನೆ ಅಂತ."

"ಅಂಗಲ್ಲಪ್ಪ."

"ನಿಮ್ಮವ್ವನೂ ಅಂಗಲ್ಲ ಅಂದ್ಲು. ಕೇಳೋರ್ಯಾರು." ಗಾಜಿನಿಂದ ಕೈ ತೆಗೆದ. "ತೋಪು ಉಳೀಲಿ ಅಂತ ಒಂದ್ ಮಾತು ಏಳಿದ್ರೆ, ನಾನೇ ಕೋಲಿಡ್ಕಂಡು ಕಾವ್ಲು ಕುಂತಿರ್ತಿದ್ನಲ್ಲೋ. ನಾನ್ ಕುಂತಿದ್ರೆ ಯಾವ ಲಾರಿ ಬರ್ತಿತ್ತು?"

ಅವನು ಹಿಂದಿನ ಗೇಟಿನಿಂದ ಬಂದದ್ದು ನನ್ನ ಬಿಳಿ ಅಂಗಿಯ ಮರ್ಯಾದೆ ಉಳಿಸಲು. ನಾನು ಹಿತ್ತಲಿಗೆ ಹೋಗದೆ ಕೂತದ್ದು ಅವನ ಮಾತಿನ ಮರ್ಯಾದೆ ಉಳಿಸಲು. ಇಬ್ಬರ ಮರ್ಯಾದೆಯೂ ಉಳಿಯಿತು.

ಲಾಡ್ಜು, ಹೋಟೆಲು ನಡೆಸುವ ಹೊಸಬರು ಈಗಲೂ ಕೆಲವರು ನನ್ನನ್ನು ಕೇಳಲು ಬರುತ್ತಾರೆ. ನೀರು ಕಮ್ಮಿ ಮಾಡುವುದು ಹೇಗೆ, ಕರೆಂಟು ಕಮ್ಮಿ ಮಾಡುವುದು ಹೇಗೆ ಎಂದು. ಗೊತ್ತಿರುವುದನ್ನೆಲ್ಲ ಹೇಳುತ್ತೇನೆ. ಮುಚ್ಚಳದ ವಿಷಯ, ಬಕೆಟ್ಟಿನ ವಿಷಯ, ಬಾಳೆಗಿಡದ ವಿಷಯ. ಕೊನೆಗೆ, ನಿಮ್ಮಲ್ಲಿಗೆ ಬರುವುದು ನಿಂತ ಗಾಡಿ ನಾಳೆಯಿಂದ ಎಲ್ಲಿಗೆ ಹೋಗುತ್ತದೆ, ಗಾಡಿಯವನನ್ನು ಕೂರಿಸಿಕೊಂಡು ಕೇಳಿ ಎನ್ನುತ್ತೇನೆ. ಆ ಮಾತನ್ನು ಅವರು ಬರೆದುಕೊಳ್ಳುವುದಿಲ್ಲ. ಮುದುಕನ ಹರಟೆ ಅಂದುಕೊಳ್ಳುತ್ತಾರೆ.

ಆಪರೇಷನ್ ಚೆನ್ನಾಗಿ ಆಯಿತು. ಕಣ್ಣಿಗೆ ಪಟ್ಟಿ ಕಟ್ಟಿ, ಮೇಲೊಂದು ಹಸಿರು ಬಟ್ಟೆ ಇಳಿಬಿಟ್ಟಿದ್ದರು. ಬಂಗಾರಪೇಟೆಯ ನನ್ನ ಮನೆಯಲ್ಲೇ ಇರು ಎಂದೆ, ಕೇಳಲಿಲ್ಲ, ಊರಿಗೇ ಹೋಗಬೇಕು ಎಂದ. ಬೇತಮಂಗಲದ ಬಸ್ಸಿನಲ್ಲಿ ಅವನನ್ನು ಕಿಟಕಿಯ ಕಡೆ ಕೂರಿಸಿದೆ. ದಾರಿಯುದ್ದಕ್ಕೂ ಮಾತಾಡಿದ. ಎತ್ತು ಕೊಂಡ ಕಥೆ, ನನ್ನ ಮೊದಲ ಪರೀಕ್ಷೆಯ ಫೀಸಿಗೆ ಮಳೆಯಲ್ಲಿ ಸೌದೆ ತಂದ ಕಥೆ. ನಾನು ಅಷ್ಟು ವರ್ಷದಲ್ಲಿ ಕೇಳದ ಮಾತುಗಳು. ಡಿಗ್ರಿ ಮುಗಿದ ದಿನ ಅಮ್ಮನಿಗೆ ಏನು ಹೇಳಿದ್ದ ಎಂದು ಕೊನೆಗೂ ಕೇಳಿದೆ. "ಏನೇಳ್ತಾರೆ. ಇನ್ ಮ್ಯಾಕೆ ಇವ್ನು ಸೌದೆ ಮುಟ್ಟಂಗಿಲ್ಲ ಅಂದೆ" ಎಂದ.

ಇಟ್ಟಿಗೆ ಗೂಡುಗಳು ಹಿಂದಾದವು. ಬಸ್ಸು ನಿಧಾನವಾಯಿತು.

"ತೋಪು ಬಂತಾ?" ಅಪ್ಪ ಕೇಳಿದ.

ನಾನು ಬಾಯಿ ತೆರೆಯುವಷ್ಟರಲ್ಲಿ ಕಂಡಕ್ಟರ್ ಕೂಗಿದ: "ತೋಪು, ತೋಪು. ಯಾರ್ರೀ ಇಳಿಯೋರು."

ಕೈ ಹಿಡಿದು ಇಳಿಸಿದೆ. ಬಸ್ಸು ಹೋಯಿತು. ರಸ್ತೆಯ ಪಕ್ಕದ ಬಯಲಿನಲ್ಲಿ ಬೊಡ್ಡೆಗಳೂ ಉಳಿದಿರಲಿಲ್ಲ, ಅವನ್ನೂ ಅಗೆದು ಒಯ್ದಿದ್ದರು. ಅಪ್ಪ ನಿಂತಲ್ಲೇ ನಿಂತು, ನೆತ್ತಿಯ ಮೇಲೆ ಕೈ ಇಟ್ಟುಕೊಂಡ. ಬಿಸಿಲು ಕಾದಿತ್ತು. ನಾನು ನನ್ನ ಟವೆಲ್ಲನ್ನು ಅವನ ತಲೆಗೆ ಹಾಕಿದೆ, ಇಬ್ಬರೂ ಊರ ಕಡೆ ನಡೆದೆವು.